ಅಂಜಿ ಹೇಳಿದ ಅರ್ಥ

ಕಂಪ್ಲಿಯ ಸಾವ್ಕಾರರು ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಪತ್ರಿಕೆಯ ಮೂಲೆಯಲ್ಲಿ ಬಂದ ಸಣ್ಣ ಫೋಟೊದಿಂದ. ಕೆಳಗೆ ‘ಅಕ್ಕಿ ಗಿರಣಿ ಮಾಲೀಕರು, ಪ್ರಗತಿಪರ ರೈತರು, ಸಂಗೀತಪ್ರೇಮಿ’ ಎಂದು ಹಾಕಿದ್ದರು. ಮೊದಲನೆಯದು ನಿಜ. ಎರಡನೆಯದನ್ನು ಕಾಲುವೆ ನೀರು ಕಂಡವರಿಗೆಲ್ಲ ಹಾಕುತ್ತಾರೆ. ಮೂರನೆಯದು ಮಾತ್ರ ಶುದ್ಧ ಸುಳ್ಳು.

ಸಂಗೀತವೆಂದರೆ ಅವರಿಗೆ ಆಗುತ್ತಿರಲಿಲ್ಲ. ರೇಡಿಯೊದಲ್ಲಿ ವೀಣೆ ಬಂದರೆ, “ಯಾರಲೇ ಅದು ತಂತಿ ಹರಿಯಾಕ ಕುಂತೋರು?” ಎಂದು ಆರಿಸಿಬಿಡುತ್ತಿದ್ದರು. ಅವರ ಹೆಂಡತಿಯನ್ನು ಊರವರೆಲ್ಲ ಅಕ್ಕಾರು ಎನ್ನುತ್ತಿದ್ದರು. ಅಕ್ಕಾರು ಪೂಜೆಯ ಹೊತ್ತಿಗೆ ಒಂದು ವಚನ ಹಾಡಿಕೊಂಡರೂ ಸಾವ್ಕಾರರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಗಿರಣಿಗೆ ಹೊರಟುಬಿಡುವರು. ಭತ್ತ ಅರೆಯುವ ಸದ್ದು ಅವರ ಕಿವಿಗೆ ಅದಕ್ಕಿಂತ ವಾಸಿ.

ಅವರು ಪ್ರೀತಿಸಿದ್ದು ಒಬ್ಬ ಮನುಷ್ಯನನ್ನು. ಆತ ಸಮುದ್ರದಾಚೆಯ ಹಾಡುಗಾರ. ತಾನೇ ಬರೆದು, ತಾನೇ ಗಿಟಾರು ಬಾರಿಸಿ, ತನ್ನ ಸೀಮೆಯ ಹಳ್ಳಿಗರ ಧಾಟಿಗೆ ಡ್ರಮ್ಮು ಸೇರಿಸಿ ಹಾಡುತ್ತಿದ್ದ ಹಳೇ ಕೈ. ಅಮೆರಿಕದವನೋ ಇಂಗ್ಲೆಂಡಿನವನೋ ಎಂಬುದರ ಬಗ್ಗೆ ಕಂಪ್ಲಿಯಲ್ಲಿ ಒಮ್ಮತವಿರಲಿಲ್ಲ. ಧ್ವನಿ ಮಾತ್ರ ಎದೆಯಲ್ಲಿ ಕಫ ಕಟ್ಟಿದವನದು. ಸಾವ್ಕಾರರ ಬಳಿ ಅವನ ಮೂರು ಕ್ಯಾಸೆಟ್ಟುಗಳಿದ್ದವು. ಹಂಪಿಯಲ್ಲಿ ಒಬ್ಬ ಗಡ್ಡದ ಪರದೇಶಿ ಕೊಟ್ಟದ್ದಂತೆ. “ಸಾವಿರ ಮಂದಿ ತಿರಗ್ಯಾಡ್ತಿದ್ರು. ನನ್ನ ಮಾರಿ ನೋಡಿ, ಇವನಿಗೇ ಕೊಡಬೇಕು ಅಂತ ಕೊಟ್ಟ” ಎಂದು ಅವರು ಹೇಳುತ್ತಿದ್ದರು. ಕೇಳುವವರು ಅವರ ಮುಖವನ್ನೊಮ್ಮೆ ನೋಡಿ, ಹೌದೆಂದು ತಲೆಯಾಡಿಸುತ್ತಿದ್ದರು. ಗೊಬ್ಬರ, ಮದುವೆ, ಲಾರಿ ಬಾಡಿಗೆ ಎಂದು ಎಲ್ಲರಿಗೂ ಆ ಮುಖದ ಅಗತ್ಯವಿತ್ತು.

ಎಪ್ಪತ್ತರ ದಶಕದ ಕೊನೆಗೆ ನಾನು ಅಲ್ಲಿನ ಹೈಸ್ಕೂಲಿಗೆ ಇಂಗ್ಲಿಷ್ ಮೇಷ್ಟ್ರಾಗಿ ಹೋದೆ. ಹೋಗಿ ಹದಿನೈದು ದಿನವಾಗಿರಲಿಲ್ಲ, ಗಿರಣಿಯಿಂದ ಕರೆ ಬಂತು. ಮಾಳಿಗೆಯ ಮೇಲಿನ ಕೋಣೆಯಲ್ಲಿ ಸಾವ್ಕಾರರು ಗಾದಿಯ ಮೇಲೆ ಕುಳಿತಿದ್ದರು. ಬಿಳಿ ಧೋತರ, ಹಣೆಗೆ ವಿಭೂತಿ, ಮೈಮೇಲೆ ಮಾಸಿದ ಜೀನ್ಸ್ ಬಟ್ಟೆಯ ಕೋಟು. ಹೊರಗೆ ಬಳ್ಳಾರಿ ಸೀಮೆಯ ಬಿಸಿಲು. ಕೆಳಗೆ ಭತ್ತ ಹಸನು ಮಾಡುತ್ತಿದ್ದ ಹೆಂಗಸೊಬ್ಬಳು, “ಸಾವ್ಕಾರ್ರಿಗೆ ಚಳಿಜ್ವರ ಇನ್ನೂ ಬಿಟ್ಟಿಲ್ಲ ನೋಡು” ಎಂದು ಪಕ್ಕದವಳಿಗೆ ಹೇಳುವುದನ್ನು ನಾನು ಮೆಟ್ಟಿಲು ಹತ್ತುವಾಗ ಕೇಳಿಸಿಕೊಂಡಿದ್ದೆ.

“ಇಂಗ್ಲಿಷ್ ಮೇಷ್ಟ್ರು ನೀವ ಏನ್ರಿ?”

“ಹೌದ್ರಿ.”

“ಕುಂದ್ರಿ. ಆರು ವರ್ಷದಿಂದ ಈ ಹಾಡು ಕೇಳಾಕ ಹತ್ತೀನಿ. ಕಣ್ಣಾಗ ನೀರು ಬರ್ತಾವು. ಯಾಕ ಬರ್ತಾವು ಗೊತ್ತಿಲ್ಲ. ಅರ್ಥ ಹೇಳ್ರಿ.”

ಮೈಕ್ ಸೆಟ್ ಅಂಗಡಿಯ ಖಾದರ್ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ. ಸಾವ್ಕಾರರ ಯಂತ್ರಗಳಿಗೆಲ್ಲ ಅವನೇ ವೈದ್ಯ. ಹಾಡು ಶುರುವಾಯಿತು.

ನನ್ನ ಇಂಗ್ಲಿಷ್ ಎಂಥದೆಂದು ಇಲ್ಲಿ ಒಪ್ಪಿಕೊಳ್ಳಬೇಕು. ಕರ್ತರಿ ವಾಕ್ಯವನ್ನು ಕರ್ಮಣಿಗೆ ತಿರುಗಿಸುವುದರಲ್ಲಿ ನನ್ನನ್ನು ಮೀರಿಸುವವರು ಆ ತಾಲ್ಲೂಕಿನಲ್ಲಿರಲಿಲ್ಲ. ಆದರೆ ಆ ಭಾಷೆಯನ್ನು ಹುಟ್ಟಿನಿಂದ ಆಡುವವನ ಬಾಯಿಂದ ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಹಾಡು ಮುಗಿಯುವ ಹೊತ್ತಿಗೆ ನನಗೆ ಸಿಕ್ಕಿದ್ದು ಮೂರೇ ಪದ: ನದಿ, ಬಾಗಿಲು, ಸೋದರ. ಮೂರನೆಯದು ಅನುಮಾನ. ಸಾವ್ಕಾರರು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ತಿಳಿಯಲಿಲ್ಲ ಎಂದರೆ ನಾಳೆ ಊರಿಗೆಲ್ಲ ಗೊತ್ತಾಗುತ್ತದೆ, ಇಂಗ್ಲಿಷ್ ಬಾರದ ಇಂಗ್ಲಿಷ್ ಮೇಷ್ಟ್ರು ಎಂದು. ಸಿಕ್ಕ ಮೂರು ಪದಗಳಿಗೆ ಸಿಕ್ಕ ಹಾಗೆ ಗಂಟು ಹಾಕಿದೆ.

“ಇಬ್ಬರು ಅಣ್ಣ ತಮ್ಮಂದಿರು ಇದ್ರು ಅಂತ್ರಿ. ತಮ್ಮ ನದಿ ದಾಟಿ ಅಣ್ಣನ ಮನೀಗೆ ಬರ್ತಾನ. ಬಾಗಿಲು ಬಡೀತಾನ. ಅಣ್ಣ ಒಳಗ ಕುಂತು ಕೇಳ್ತಾನ, ತೆಗೆಯಾಂಗಿಲ್ಲ. ಹಿಂದ ನದಿ ಏರ್ತಿರ್ತೈತಿ.”

ಸಾವ್ಕಾರರ ಮುಖದ ಬಣ್ಣ ಇಳಿಯಿತು. ಖಾದರ್ ನೆಲ ನೋಡಿದ.

“ನಿಮಗಿದನ್ನ ಯಾರು ಹೇಳಿದ್ರು?” ಎಂದರು ಸಾವ್ಕಾರರು, ಮೆಲ್ಲಗೆ.

“ಹಾಡಿನಾಗ ಐತಲ್ರಿ.”

ಅವರು ಇನ್ನೊಂದು ಸಲ ಹಾಕು ಎಂದು ಖಾದರನಿಗೆ ಕೈಸನ್ನೆ ಮಾಡಿದರು. ಮೆಟ್ಟಿಲಿಳಿಯುವಾಗ ಖಾದರ್ ನನ್ನ ತೋಳು ಹಿಡಿದ. “ಸಾರ್, ನಿಮಗ ಧೈರ್ಯ ಭಾಳ” ಎಂದ. ಏನು ಕತೆ ಎಂದು ಕೇಳಿದಾಗ ಹೇಳಿದ. ಸಾವ್ಕಾರರಿಗೂ ಅವರ ಒಡಹುಟ್ಟಿದ ತಮ್ಮನಿಗೂ ಪಾಲಾದಾಗಿನಿಂದ ಮಾತಿಲ್ಲ. ಗಿರಣಿಯಲ್ಲೂ ಭಾಗ ಕೇಳಿದ ಎಂದು ಅಣ್ಣನಿಗೆ ಸಿಟ್ಟು. ಇಬ್ಬರ ಗದ್ದೆಗೂ ಒಂದೇ ಹೊಲಗಾಲುವೆ. ಮೇಲೆ ಅಣ್ಣನದು, ಕೊನೆಯಲ್ಲಿ ತಮ್ಮನದು. ಅಣ್ಣ ಕಾಲುವೆಗೆ ಅಡ್ಡಲಾಗಿ ಮರಳಿನ ಚೀಲ ಒಟ್ಟಿಸಿ, ತನ್ನ ಗದ್ದೆಯಲ್ಲಿ ಎಮ್ಮೆ ಈಜುವಷ್ಟು ನೀರು ನಿಲ್ಲಿಸುತ್ತಾನೆ. ತಮ್ಮನಿಗೆ ಬರುವುದು ಬಸಿದದ್ದು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನ್ನನ್ನು ತಮ್ಮನ ಕಡೆಯವನೆಂದು ತಿಳಿದು ಊರು ಬಿಡಿಸುತ್ತಾರೆಂದುಕೊಂಡೆ. ಆದದ್ದೇ ಬೇರೆ. ನಾಲ್ಕನೆಯ ದಿನ ಸಾವ್ಕಾರರು ತಾವೇ ಹೊಲಕ್ಕೆ ಹೋಗಿ, ಜೀನ್ಸ್ ಕೋಟು ಬಿಚ್ಚದೆ, ಕಾಲುವೆಯೊಳಗೆ ಇಳಿದು ಚೀಲಗಳನ್ನು ಒಂದೊಂದಾಗಿ ಎತ್ತಿ ದಂಡೆಗೆ ಹಾಕಿದರಂತೆ. ಆಳುಗಳು ಕೈಹಾಕಲು ಬಂದರೆ ಬೈದರಂತೆ. ಮುಂದಿನ ಭಾನುವಾರ ಅವರ ತಮ್ಮ ಗಿರಣಿಗೆ ಬಂದು ಮಾಳಿಗೆಯ ಬಾಗಿಲಲ್ಲಿ ನಿಂತ. ಸಾವ್ಕಾರರು ಅವನತ್ತ ನೋಡದೆ, “ಚಪ್ಲಿ ಹೊರಗ ಬಿಟ್ಟು ಬಾ. ಹಾಡು ನಡದೈತಿ” ಎಂದರು. ಅವರ ರಾಜಿ ಪಂಚಾಯಿತಿ ಅಷ್ಟೇ.

ಅಲ್ಲಿಂದ ನಮ್ಮ ಭಾನುವಾರದ ಬಳಗ ಬೆಳೆಯಿತು. ಸಂಜೆ ನಾಲ್ಕಕ್ಕೆ ಸೇರುವುದು, ಎರಡು ಹಾಡು ಕೇಳುವುದು, ನಾನು ಅರ್ಥ ಹೇಳುವುದು, ಆಮೇಲೆ ಮಂಡಕ್ಕಿ ಒಗ್ಗರಣೆ, ಮಿರ್ಚಿ. ನಿಯಮಗಳು ಮಠದಲ್ಲೂ ಅಷ್ಟಿರಲಿಕ್ಕಿಲ್ಲ. ಹಾಡು ನಡೆದಾಗ ಎಲೆಯಡಿಕೆ ಹಾಕಬಾರದು. ತೊಡೆ ತಟ್ಟಬಾರದು. ಕೆಮ್ಮು ಬಂದರೆ ಇಳಿದು ಹೋಗಿ ಕೆಮ್ಮಿ ಬರಬೇಕು. ಗೊಬ್ಬರದ ಅಂಗಡಿಯವನು ಒಮ್ಮೆ “ಮಸ್ತ್ ಐತ್ರಿ, ಕುಣಿಬೇಕು ಅನಸ್ತೈತಿ” ಎಂದದ್ದಕ್ಕೆ ಅವನನ್ನು ಎರಡು ವಾರ ಹೊರಗಿಟ್ಟರು. “ಇದು ಕುಣಿಯೂ ಹಾಡಲ್ಲ, ತಡಕೊಳ್ಳೂ ಹಾಡು” ಎಂಬುದು ಸಾವ್ಕಾರರ ತೀರ್ಪು. ಕಾಲುವೆ ಕಚೇರಿಯ ಓವರ್‌ಸಿಯರ್ ಒಬ್ಬರು ಬರುತ್ತಿದ್ದರು. ಅವರು ಮೊದಲ ಚರಣಕ್ಕೇ ಕಣ್ಣು ಮುಚ್ಚಿ, ಮಿರ್ಚಿಯ ವಾಸನೆಗೆ ತೆರೆಯುತ್ತಿದ್ದರು. ಸಾವ್ಕಾರರು ನಮಗೆಲ್ಲ ಅವರನ್ನೇ ತೋರಿಸಿ, “ಕೇಳಿದ್ರ ಹಂಗ ಕೇಳಬೇಕು” ಎನ್ನುವರು.

ನಾನೂ ಕೆಟ್ಟೆ. ಮೊದಲು ಭಯಕ್ಕೆ ಹೇಳಿದ್ದನ್ನು ಆಮೇಲೆ ರುಚಿಗೆ ಹೇಳತೊಡಗಿದೆ. ಮಿರ್ಚಿಯ ಮೊದಲ ತಟ್ಟೆ ನನಗೆ ಬರುತ್ತಿತ್ತು. ನಾನು ತರಗತಿಯಲ್ಲಿ ಪಾಠ ಹೇಳಿದರೆ ಆಕಳಿಸುವ ಮಕ್ಕಳ ತಂದೆಯರು ಇಲ್ಲಿ ಬಾಯಿ ತೆರೆದು ಕೇಳುತ್ತಿದ್ದರು. ಆ ಪರದೇಶಿ ಹಾಡುಗಾರ ನನ್ನ ಬಾಯಲ್ಲಿ ವಿಧವೆಯ ಕಷ್ಟ ಹಾಡಿದ, ಕುರುಡು ಕುದುರೆಯ ಕತೆ ಹಾಡಿದ, ಗಣಿಯಲ್ಲಿ ಮಣ್ಣು ಕುಸಿದು ಸತ್ತವನ ಹೆಂಡತಿ ಅಡುಗೆ ಮಾಡಿಟ್ಟು ಕಾದದ್ದನ್ನು ಹಾಡಿದ. ಆ ಕೊನೆಯದು ಸಂಡೂರಿನಲ್ಲಿ ನಮ್ಮ ಮನೆಯ ಹಿಂದಿದ್ದವರಿಗೆ ಆದದ್ದು. ಯಾರೂ ಸಂಶಯಪಡಲಿಲ್ಲ. ಸಾವ್ಕಾರರು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು, “ಎಷ್ಟು ದೂರ ಕುಂತು ನಮ್ಮ ಮನಸ್ಸು ತಿಳಕೊಂಡಾನ ನೋಡ್ರಿ” ಎಂದರು.

ಹೀಗೆ ಕೆಲವು ವರ್ಷ ನಡೆಯಿತು. ಒಂದು ಸಲ ಖಾದರ್ ಆಂಪ್ಲಿಫೈಯರ್ ರಿಪೇರಿಗೆಂದು ಹೊಸಪೇಟೆಗೆ ಹೋದವನು ಸುದ್ದಿ ತಂದ. ಅಲ್ಲೂ ಆ ಹಾಡುಗಾರನ ಅಭಿಮಾನಿಗಳ ಗುಂಪಿದೆ. ಒಬ್ಬ ಡಾಕ್ಟರು, ಒಬ್ಬ ಬ್ಯಾಂಕ್ ಮ್ಯಾನೇಜರು, ಇನ್ನೂ ಮೂರು ನಾಲ್ಕು ಜನ. ಅವರ ಬಳಿ ಕ್ಯಾಸೆಟ್ಟಲ್ಲ, ಬೊಂಬಾಯಿಯಿಂದ ತರಿಸಿದ ದೊಡ್ಡ ರೆಕಾರ್ಡುಗಳಿವೆ.

ಸಾವ್ಕಾರರು ಇಡೀ ದಿನ ಮಂಕಾಗಿದ್ದರು. ಅವರ ಮುಖ ನೋಡಿದರೆ ಮನೆಯಲ್ಲಿ ಕಳ್ಳತನವಾದಂತಿತ್ತು. “ನಮ್ಮನ್ನ ಬಿಟ್ಟು ಇನ್ನೊಬ್ರಿಗೂ ಆತ ಗೊತ್ತಾ?” ಎಂದು ಮೂರು ಸಲ ಕೇಳಿದರು. ಆಮೇಲೆ ಆ ಡಾಕ್ಟರಿಂದಲೇ ಆಹ್ವಾನ ಬಂತು. ಹಾಡುವುದನ್ನೇ ಬಿಟ್ಟನೆಂದು ಎಲ್ಲರೂ ತಿಳಿದಿದ್ದ ಆ ಹಿರಿಯ ಹಾಡುಗಾರ ಬಹಳ ವರ್ಷದ ಮೇಲೆ ಹೊಸ ರೆಕಾರ್ಡು ತಂದಿದ್ದಾನೆ. ಎಲ್ಲ ಅಭಿಮಾನಿಗಳು ಭಾನುವಾರ ಹಂಪಿಯಲ್ಲಿ ಸೇರಿ, ಕೇಳಿ, ಮಾತಾಡೋಣ ಎಂದು.

ನದಿಯ ದಂಡೆಯ ಒಂದು ಮಂಟಪದಲ್ಲಿ ಸೇರಿದೆವು. ಹೊಸಪೇಟೆಯವರು ಬ್ರೆಡ್ಡಿನ ನಡುವೆ ಸೌತೆಕಾಯಿ ಇಟ್ಟುಕೊಂಡು ಬಂದಿದ್ದರು. ನಾವು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಕೊಡ ಮೊಸರು ತಂದಿದ್ದೆವು. ಅವರಲ್ಲಿ ಯಾರೂ ಕೋಟು ತೊಟ್ಟಿರಲಿಲ್ಲ. ಜೀನ್ಸ್ ಕೋಟು ಇದ್ದದ್ದು ಸಾವ್ಕಾರರೊಬ್ಬರಿಗೇ. ಅದನ್ನು ಕಂಡು ಅವರಿಗೆ ಸ್ವಲ್ಪ ಸಮಾಧಾನವಾಯಿತು.

ಹೊಸ ಹಾಡುಗಳಾದ ಮೇಲೆ ಒಬ್ಬೊಬ್ಬರೇ ಎದ್ದು ತಮಗೆ ಆತ ಯಾಕೆ ಇಷ್ಟವೆಂದು ಹೇಳಬೇಕೆಂದಾಯಿತು. ಡಾಕ್ಟರು ಮದರಾಸಿನ ತಮ್ಮ ಹಾಸ್ಟೆಲ್ ಕೋಣೆಯನ್ನು ಅರ್ಧ ಗಂಟೆ ವರ್ಣಿಸಿದರು. ಅದರಲ್ಲಿ ಹಾಡುಗಾರ ಒಂದೆರಡು ಸಲ ಬಂದುಹೋದ. ಬ್ಯಾಂಕ್ ಮ್ಯಾನೇಜರು, ಅವನ ಹಾಡು ಕೇಳಿಯೇ ತಾವು ಸಿಗರೇಟು ಬಿಟ್ಟದ್ದೆಂದರು. ಹೇಳುವಾಗ ಕೈಯಲ್ಲೊಂದು ಉರಿಯುತ್ತಿತ್ತು. ಇನ್ನೊಬ್ಬರು ಮಾತು ಹೊರಡದೆ ಅತ್ತರು. ಯಾಕೆಂದು ಯಾರೂ ಕೇಳಲಿಲ್ಲ.

ಕೊನೆಗೆ ಸಾವ್ಕಾರರು ಎದ್ದರು. ಹಿಂದೆ ಕಂಬಕ್ಕೊರಗಿ ಅವರ ತಮ್ಮ ಕುಳಿತಿದ್ದ.

“ನನಗ ಇಂಗ್ಲಿಷ್ ಬರಾಂಗಿಲ್ಲ” ಎಂದು ಶುರುಮಾಡಿದರು. “ನಮ್ಮ ಮೇಷ್ಟ್ರು ಅರ್ಥ ಹೇಳ್ತಾರ. ನದೀದೊಂದು ಹಾಡು ಐತಿ, ನಿಮಗೆಲ್ಲ ಗೊತ್ತು. ತಮ್ಮ ಬಾಗಿಲು ಬಡಿದ್ರ ಅಣ್ಣ ತೆಗೆಯಾಂಗಿಲ್ಲ. ಆ ಅಣ್ಣ ನಾನು. ಆರು ವರ್ಷ ಇವನ ಗದ್ದೀಗೆ ನೀರು ಬಿಟ್ಟಿದ್ದಿಲ್ಲ ನಾನು. ಈ ಹಾಡು ಕೇಳಿ ಬಿಟ್ಟೆ. ನನಗ ಅಷ್ಟ ಗೊತ್ತು.”

ಅವರು ಅಷ್ಟು ಚಿಕ್ಕದಾಗಿ, ಅಷ್ಟು ನೆಟ್ಟಗೆ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅವರ ತಮ್ಮ ತಲೆ ತಗ್ಗಿಸಿದ. ಡಾಕ್ಟರು ಆಗಲೇ ಕೈಚೀಲದಲ್ಲಿ ಏನೋ ಹುಡುಕುತ್ತಿದ್ದರು.

“ಅಣ್ಣ ತಮ್ಮ ಎಲ್ಲಿ ಬಂದ್ರು ಇದರಾಗ?” ಎಂದು ಆ ಹಾಡಿದ್ದ ಹಳೇ ರೆಕಾರ್ಡಿನ ರಟ್ಟಿನ ಹೊದಿಕೆ ಹೊರಗೆ ತೆಗೆದರು. ಅದರ ಹಿಂದೆ ಹಾಡುಗಳನ್ನೆಲ್ಲ ಅಚ್ಚು ಹಾಕಿದ್ದರು. ನಗುತ್ತ ಓದಿದರು, ಸಾಲು ಸಾಲಾಗಿ ಕನ್ನಡದಲ್ಲೂ ಹೇಳಿದರು. ದೋಣಿ ಕಟ್ಟೆಯಲ್ಲಿ ಒಬ್ಬಾಕೆ ಹೋಟೆಲ್ ಇಟ್ಟಿದ್ದಾಳೆ. ನದಿ ದಾಟಿ ಬಂದವರಿಗೆ ರೊಟ್ಟಿ ಕೊಡುತ್ತಾಳೆ. ರೊಟ್ಟಿಗೆ ಬೆಣ್ಣೆ ಕಮ್ಮಿ ಹಚ್ಚುತ್ತಾಳೆ. ಕೇಳಿದರೆ ಬಾಗಿಲು ಹಾಕುತ್ತಾಳೆ. ನಾನು ‘ಬ್ರದರ್’, ಸೋದರ ಎಂದುಕೊಂಡದ್ದು ‘ಬಟರ್’, ಬೆಣ್ಣೆ.

ಹೊಸಪೇಟೆಯವರು ನಕ್ಕರು. ಬ್ಯಾಂಕ್ ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನಕ್ಕರು. ನಮ್ಮ ಗೊಬ್ಬರದ ಅಂಗಡಿಯವನೂ ನಕ್ಕು, ಆಮೇಲೆ ಕೆಮ್ಮಿದ.

ಸಾವ್ಕಾರರು ನನ್ನ ಕಡೆ ತಿರುಗಿದರು. “ಮೇಷ್ಟ್ರ, ಅದರಾಗ ಹಂಗ ಐತೇನು?”

ಡಾಕ್ಟರು ಹೊದಿಕೆಯನ್ನು ನನ್ನ ಮುಂದೆ ಹಿಡಿದರು. ಅಕ್ಷರಗಳು ಸ್ಪಷ್ಟವಾಗಿದ್ದವು. ಓದಲು ನನಗೆ ಚೆನ್ನಾಗಿ ಬರುತ್ತದೆ.

“ಹಂಗ ಕಾಣತೈತ್ರಿ” ಎಂದೆ. ನಾನು ಸುಳ್ಳು ಹೇಳಿದ್ದೆ ಎನ್ನುವುದು ಬಾಯಿಗೆ ಬರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಮೊಸರಿನ ಕೊಡ ತಿರುವುಗಳಲ್ಲಿ ತುಳುಕುತ್ತಿತ್ತು. ಮರುದಿನ ಬೆಳಿಗ್ಗೆ ಕಾಲುವೆಗೆ ಮರಳಿನ ಚೀಲಗಳು ಮತ್ತೆ ಬಿದ್ದವು.

ಭತ್ತಕ್ಕೆ ಹಾಲು ತುಂಬುವ ಹೊತ್ತು ಅದು. ಆ ಎಂಟು ಹತ್ತು ದಿನ ನೀರು ತಪ್ಪಿದರೆ ತೆನೆ ನಿಲ್ಲುತ್ತದೆ, ಒಳಗೆ ಕಾಳಿರುವುದಿಲ್ಲ. ತಮ್ಮನಾದವನು ಕೇಳಲು ಅಣ್ಣನ ಮನೆಗೆ ಹೋಗಲಿಲ್ಲ. ಹೊದಿಕೆ ಓದಿದಾಗ ನಕ್ಕವರೆದುರು ಅವನ ಮಾನವೂ ಹೋಗಿತ್ತು. ಬುಧವಾರ ಅವನ ಹೆಂಡತಿ ನಮ್ಮ ಮನೆಗೆ ಬಂದು, ಕುಳಿತುಕೊಳ್ಳದೆ, ಬಾಗಿಲಲ್ಲೇ ನಿಂತು ಹೇಳಿದಳು:

“ಸಾರ್, ಅವತ್ತು ನೀವೇನೋ ಹೇಳಿದ್ರಿ, ನೀರು ಬಂತು. ಈಗ ನೀವ ಹೋಗಿ ಏನಾರ ಹೇಳ್ರಿ. ಗದ್ದಿ ಬಾಯಿ ಬಿಟ್ಟೈತಿ.”

“ಅದು ನಾನು ಕಟ್ಟಿ ಹೇಳಿದ್ದಮ್ಮ. ಹಾಡಿನಾಗ ಇದ್ದಿದ್ದಿಲ್ಲ.”

“ನನಗ ಹಾಡಿಂದು ಏನು ಆಗಬೇಕೈತ್ರಿ?” ಎಂದು ಅವಳು ಹೊರಟುಹೋದಳು.

ಮಧ್ಯಾಹ್ನ ಶಾಲೆಗೆ ಅರ್ಧ ದಿನ ರಜೆ ಹಾಕಿ ಗಿರಣಿಗೆ ಹೋದೆ. ಸಾವ್ಕಾರರು ಮಾಳಿಗೆಯಲ್ಲಿ ಒಬ್ಬರೇ ಇದ್ದರು. ಟೇಪ್ ರೆಕಾರ್ಡರಿನ ಮೇಲೆ ಟವೆಲ್ ಮುಚ್ಚಿದ್ದರು. ಕೋಟು ಗೂಟದಲ್ಲಿ ನೇತಾಡುತ್ತಿತ್ತು.

“ಬರ್ರಿ” ಎಂದರು. ಕುಂದ್ರಿ ಎನ್ನಲಿಲ್ಲ.

ನಿಂತೇ ಎಲ್ಲ ಹೇಳಿದೆ. ಮೂರು ಪದ ಕೇಳಿಸಿದ್ದು, ಉಳಿದದ್ದು ಕಟ್ಟಿದ್ದು, ಅವರಿಗೆ ತಮ್ಮನಿದ್ದಾನೆಂದೇ ನನಗೆ ಗೊತ್ತಿರದಿದ್ದದ್ದು. ವಿಧವೆ, ಕುದುರೆ, ಗಣಿ ಯಾವುದೂ ಅವನದಲ್ಲವೆಂದೆ. ಬೈಗುಳಕ್ಕೆ ಸಿದ್ಧನಾಗಿ ನಿಂತೆ.

“ಯಾಕ ಹಂಗ ಮಾಡಿದ್ರಿ?”

“ಅಂಜಿಕಿ ಆತ್ರಿ. ನಿಮ್ಮ ಮಾರಿ ನೋಡಿ ಅಂಜಿ ಹೇಳಿದೆ.”

ಸಾವ್ಕಾರರು ಕಿಟಕಿಯ ಕಡೆ ತಿರುಗಿದರು. ಕೆಳಗೆ ಯಂತ್ರ ಭತ್ತ ನುಂಗುತ್ತಿತ್ತು.

“ಹಂಪಿಯಾಗ ನಾಕು ಮಂದಿ ಮುಂದ ನನ್ನ ಹೊಟ್ಟಿಯಾಗಿಂದು ತೆಗೆದಿಟ್ಟೆ” ಎಂದರು. “ಅವ ಡಾಕ್ಟ್ರು ಅದರ ಮ್ಯಾಲ ಬೆಣ್ಣಿ ಹಚ್ಚಿದ.”

“ತಪ್ಪು ನಂದ್ರಿ. ನಿಮ್ಮ ತಮ್ಮಂದಲ್ಲ. ಅವನ ಪೈರು ಒಣಗಾಕ ಹತ್ತೈತಿ.”

“ಬೆಣ್ಣಿ ಹಾಡಿಗೆ ನಾನ್ಯಾಕ ನೀರು ಬಿಡ್ಲಿ?”

ಬಾಗಿಲ ಮರೆಯಿಂದ ಅಕ್ಕಾರು ಬಂದರು. ಕೈಯಲ್ಲಿ ಮಜ್ಜಿಗೆಯ ಲೋಟ. ಅದನ್ನು ನನ್ನ ಮುಂದಿಟ್ಟು, ಗಂಡನ ಕಡೆ ನೋಡದೆ ನನಗೇ ಹೇಳಿದರು:

“ಮೇಷ್ಟ್ರ, ಈ ಕ್ಯಾಸೆಟ್ ಹೆಂಗ ಬಂದ್ವು ಗೊತ್ತೇನು? ಆ ಪರದೇಶದವ ಹಂಪಿಯಾಗ ಜ್ವರ ಬಂದು ಮಂಟಪದಾಗ ಬಿದ್ದಿದ್ದ. ಮಂದಿ ದಾಟಿಕೊಂಡು ಹೊಂಟಿದ್ರು. ಇವರು ಹೊತ್ತು ಕಾರಿನಾಗ ಹಾಕ್ಕೊಂಡು ಹೊಸಪೇಟಿ ದವಾಖಾನಿಗೆ ಒಯ್ದು, ಮೂರು ದಿನ ಅಲ್ಲೇ ಕುಂತಿದ್ರು. ಹೋಗೂ ಮುಂದ ಅವ ಕ್ಯಾಸೆಟ್ ಕೊಟ್ಟ, ಆ ಕೋಟೂ ಅವಂದ. ಅವತ್ತು ಇವರಿಗೆ ಯಾವ ಹಾಡೂ ಗೊತ್ತಿದ್ದಿಲ್ಲ, ಯಾರೂ ಅರ್ಥ ಹೇಳಿದ್ದಿಲ್ಲ.”

“ನಿನ್ನನ್ನ ಯಾರು ಕೇಳಿದ್ರು?” ಎಂದು ಸಾವ್ಕಾರರು ಗದರಿದರು. ಮುಖ ಕೆಂಪಾಗಿತ್ತು. ಮಾಡಿದ ಒಂದು ಒಳ್ಳೆಯ ಕೆಲಸ ಬಯಲಾದದ್ದಕ್ಕೆ ಅವರು ಅಷ್ಟು ನಾಚಿದ್ದು ನೋಡಿ ನಾನು ಮಜ್ಜಿಗೆ ಕುಡಿಯುವುದನ್ನೇ ಮರೆತೆ. ಸುಳ್ಳು ಬಡಾಯಿಗೆ ಎಂದೂ ನಾಚದ ಮನುಷ್ಯ.

ಅಕ್ಕಾರು ಒಳಗೆ ಹೋದ ಮೇಲೆ ಅವರು ಎದ್ದು ಟೇಪ್ ರೆಕಾರ್ಡರಿನ ಮೇಲಿನ ಟವೆಲ್ ತೆಗೆದರು.

“ಅಂಜಿ ಹೇಳಿದೆ ಅಂದ್ರಲ್ಲ?”

“ಹೌದ್ರಿ.”

“ಅಂಜಿದಾಗ ಛಲೋ ಹೇಳ್ತೀರಿ. ಹಿಂಗ ಅಂಜಕೊಂಡ ಇರ್ರಿ. ಭಾನುವಾರ ಬರ್ರಿ.” ಆಮೇಲೆ ಕೋಟನ್ನು ಗೂಟದಿಂದ ತೆಗೆದುಕೊಂಡು, ತೋಳು ತೂರಿಸುತ್ತ ಮೆಟ್ಟಿಲಿಳಿದರು. ಅವರು ಹೊಲದ ದಾರಿ ಹಿಡಿದದ್ದನ್ನು ಮೇಲಿಂದ ನೋಡಿದೆ. ಸಂಜೆಗೆ ಚೀಲಗಳು ದಂಡೆಯ ಮೇಲಿದ್ದವು. ತಮ್ಮನ ಗದ್ದೆಯ ಕೊನೆಯ ಮಡಿಗೆ ನೀರು ಮುಟ್ಟಲು ಎರಡು ದಿನ ಬೇಕಾಯಿತು. ಒಂದು ಮೂಲೆ ಜೊಳ್ಳಾಯಿತು, ಉಳಿದದ್ದು ಬದುಕಿತು.

ಇಷ್ಟಕ್ಕೆ ಅವರು ದೊಡ್ಡ ಮನುಷ್ಯರಾದರೆಂದು ತಿಳಿಯಬೇಡಿ. ಹೊಸಪೇಟೆಯವರ ರಟ್ಟಿನಲ್ಲಿ ಇದ್ದದ್ದು ಅಚ್ಚಿನ ತಪ್ಪೆಂದು ಭಾನುವಾರ ಘೋಷಿಸಿದರು. ಓವರ್‌ಸಿಯರ್ ಕಣ್ಣು ಮುಚ್ಚಿಕೊಂಡೇ ಒಪ್ಪಿದರು. ಆ ಮನೆಯಲ್ಲಿ ಬೆಣ್ಣೆ ಎಂಬ ಪದ ನಿಂತುಹೋಯಿತು. ದೋಸೆಗೆ ತುಪ್ಪವೇ ಬರತೊಡಗಿತು. ನಕ್ಕಿದ್ದ ಗೊಬ್ಬರದ ಅಂಗಡಿಯವನನ್ನು ಒಂದು ವರ್ಷ ಮಾಳಿಗೆ ಹತ್ತಗೊಡಲಿಲ್ಲ. ಡಾಕ್ಟರು ಮುಂದೆ ಎರಡು ಸಲ ಕಾಗದ ಬರೆದರೂ ಉತ್ತರಿಸಲಿಲ್ಲ. ಹಲ್ಲು ನೋವು ಬಂದಾಗಲೂ ಬಳ್ಳಾರಿಗೆ ಹೋದರೇ ಹೊರತು ಹೊಸಪೇಟೆಗೆ ಹೋಗಲಿಲ್ಲ. ತಮ್ಮನ ಮೇಲೂ ವರ್ಷಕ್ಕೆರಡು ಸಲ ಸಿಟ್ಟಾಗಿ, “ನನ್ನ ಮನಿ ಮೆಟ್ಟಿಲು ಹತ್ತಬ್ಯಾಡ” ಎನ್ನುತ್ತಿದ್ದರು. ನೀರು ಮಾತ್ರ ಮತ್ತೆ ನಿಲ್ಲಿಸಲಿಲ್ಲ.

ನಾನು ವರ್ಗವಾಗುವವರೆಗೂ ಅರ್ಥ ಹೇಳಿದೆ. ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಆಗ ಅದು ಇನ್ನೂ ಕಷ್ಟವಾಯಿತು; ತಿಳಿಯದವನಿಗೆ ಹೇಳಿದ ಹಾಗೆ ತಿಳಿದವನಿಗೆ ಏನೇನೋ ಹೇಳಲು ಬರುವುದಿಲ್ಲ. “ಇದು ಸಪ್ಪಗಾತು ಮೇಷ್ಟ್ರ, ಇವತ್ತು ನೀವು ಅಂಜಿಲ್ಲ” ಎಂದು ಅವರು ಮುಲಾಜಿಲ್ಲದೆ ಹೇಳಿಬಿಡುವರು. ನನ್ನ ಬದುಕಿನಲ್ಲಿ ಅಷ್ಟು ಖಡಾಖಂಡಿತ ಓದುಗನೊಬ್ಬ ನನಗೆ ಸಿಕ್ಕಿಲ್ಲ. ಅವರಿಗೆ ಓದಲು ಅಷ್ಟಾಗಿ ಬರುತ್ತಿರಲಿಲ್ಲ, ಅದು ಬೇರೆ.

ಅವರು ಸಾಯುವುದಕ್ಕೆ ಎರಡು ತಿಂಗಳ ಮುಂಚೆ ನೋಡಲು ಹೋಗಿದ್ದೆ. ಹಾಸಿಗೆ ಹಿಡಿದಿದ್ದರು, ಬೈಯುವ ದನಿ ಮಾತ್ರ ಗಟ್ಟಿಯಾಗಿತ್ತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಮಂಚದ ಕಾಲಿನವರೆಗೆ ಬಂದಿತ್ತು. ತಲೆದಿಂಬಿನ ಬಳಿ ತಮ್ಮ ಕುಳಿತು ಔಷಧಿ ಕುಡಿಸುತ್ತಿದ್ದ. ಅವನಿಗೂ ಬೈಗುಳ ನಡೆದಿತ್ತು. ಖಾದರ್ ಕ್ಯಾಸೆಟ್ ಹಾಕಿದ. ಟೇಪು ಜಗ್ಗಿಹೋಗಿತ್ತು; ಹಾಡುಗಾರ ಕೆಸರಿನಲ್ಲಿ ಕಾಲು ಕೀಳುವವನಂತೆ ಹಾಡಿದ.

“ಆರಿಸಲೇ” ಎಂದರು. “ಮೇಷ್ಟ್ರು ಹೇಳ್ಲಿ.”

“ಹಾಡು ಇಲ್ದ ಏನು ಹೇಳ್ಲಿ ಸಾವ್ಕಾರ್ರ?”

“ಮೊದ್ಲಾರ ಎಲ್ಲಿ ಇತ್ತು?”

ಹೇಳಿದೆ. ಒಂದು ಊರಿನಲ್ಲಿ ಒಬ್ಬ ಮುಂಗೋಪಿ ಇದ್ದನೆಂದೂ, ದಾರಿಯಲ್ಲಿ ಬಿದ್ದ ಯಾರನ್ನೋ ಹೊತ್ತು ತಂದನೆಂದೂ, ಅದನ್ನು ಯಾರಿಗೂ ಹೇಳಬಾರದೆಂದು ಹೆಂಡತಿಗೆ ತಾಕೀತು ಮಾಡಿದನೆಂದೂ ಹೇಳಿದೆ. ಚರಣಕ್ಕೊಮ್ಮೆ ನಿಲ್ಲಿಸಿ ಹೇಳಿದೆ. ನಿಜವಾಗಿಯೂ ಅಂಜಿಕೆಯಾಗಿತ್ತು. ಅಕ್ಕಾರು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿದರು. ಅವರ ತಮ್ಮ ಔಷಧಿಯ ಚಮಚ ಹಿಡಿದುಕೊಂಡೇ ಕುಳಿತಿದ್ದ.

ಮುಗಿದ ಮೇಲೆ ಸಾವ್ಕಾರರು ಕಣ್ಣು ತೆರೆಯಲಿಲ್ಲ. ನಿದ್ದೆ ಹೋದರೆಂದುಕೊಂಡೆ.

“ಇದು ಯಾವ ಕ್ಯಾಸೆಟ್ಟಿನಾಗ ಐತಿ?” ಎಂದರು.

“ಇನ್ನೂ ಬಂದಿಲ್ರಿ.”

“ಹ್ಞೂಂ.” ಗೋಡೆಯ ಕಡೆ ಹೊರಳಿದರು. “ಬಂದ್ರ ಆ ಡಾಕ್ಟ್ರಿಗೆ ಹೇಳಬ್ಯಾಡ್ರಿ.”